ಕಾನ್ಪುರದ ಮಗ್ಗಿಯಂತ್ರ

ಕೂಲಿಮಠದ ಐಗಳ ಮುಂದೆ ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದಿ, ಸಂಜೆ ಮನೆಗೆ ಹೊರಡುವ ಮುನ್ನ ಸಾಲಾಗಿ ನಿಂತು ಮಗ್ಗಿ ಒಪ್ಪಿಸಿದ ತಲೆಮಾರಿನವರಿಗೆ, ಮನುಷ್ಯನ ಬುದ್ಧಿಯನ್ನೇ ನಾಚಿಸುವುದೆಂದು ಹೊಗಳಿಸಿಕೊಳ್ಳುತ್ತಿದ್ದ ಗಣಕಯಂತ್ರವೂ ಮಗ್ಗಿ ನೋಡದೆ ಎರಡಕ್ಕೆ ಮೂರನ್ನು ಕೂಡಲಾರದು ಎಂದು ಯಾರಾದರೂ ಹೇಳಿದ್ದರೆ ಅವರು ನಂಬುತ್ತಿದ್ದರೋ ಇಲ್ಲವೋ. ಆದರೆ ಕಾನ್ಪುರದ ಐಐಟಿಗೆ 1963ರ ಆಗಸ್ಟಿನಲ್ಲಿ ಬಂದಿಳಿದ ಐಬಿಎಂ 1620 ಅಂತಹುದೇ ಯಂತ್ರವಾಗಿತ್ತು; ಅದರ ಎದುರಿಗೇ ನಮ್ಮ ದೇಶದ ಸಾಮಾನ್ಯ ವಿದ್ಯಾರ್ಥಿಯ ಪ್ರೋಗ್ರಾಮಿಂಗ್ ವಿದ್ಯಾಭ್ಯಾಸಕ್ಕೆ ಓನಾಮವಾಯಿತು.

ಅದಕ್ಕೆ ಮೊದಲು ಗಣಕಗಳು ಇಲ್ಲಿ ಇರಲೇ ಇಲ್ಲವೆಂದಲ್ಲ. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1955ರಲ್ಲಿಯೇ ಇಂಗ್ಲೆಂಡಿನಿಂದ ಒಂದು ಬಂದಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ತಾವೇ ಕಟ್ಟಿದ್ದಕ್ಕೆ ಟಿಫ್ರಾಕ್ ಎಂಬ ನಾಮಕರಣವೂ ಆಗಿತ್ತು. ಆದರೆ ಅವು ಪ್ರಧಾನವಾಗಿ ಸಂಶೋಧಕರ ಸೊತ್ತು. ಅಮೆರಿಕದ ಒಂಬತ್ತು ವಿದ್ಯಾಸಂಸ್ಥೆಗಳ ಕೂಟದ ನೆರವಿನಿಂದ ಬೆಳೆಯುತ್ತಿದ್ದ ಕಾನ್ಪುರದಲ್ಲಿ ಮಾತ್ರ ಯಂತ್ರವನ್ನು ಪಾಠಕ್ಕೆಂದೇ ಒಡ್ಡುವ ಸಂಕಲ್ಪ ಮೂಡಿತು. ಹೆಸರಿನಲ್ಲಿಯೇ ಚಿಕ್ಕಮಗಳೂರಿನ ನೆರೆಯ ಹಿರೇಮಗಳೂರನ್ನು ಹೊತ್ತ ಎಚ್.ಕೆ. ಕೇಶವನ್ ಅವರು ಅಲ್ಲಿಯ ಗಣಕಕೇಂದ್ರದ ಹೊಣೆ ಹೊತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು ಮರಳಿದ್ದ ವಿ. ರಾಜಾರಾಮನ್ ಅವರು ಪಾಠದ ಹೊಣೆ ಹೊತ್ತವರಲ್ಲಿ ಪ್ರಮುಖರು.

ಇನ್ನು ಆ ಯಂತ್ರದ ಮಗ್ಗಿಯ ವಿಚಾರ. 1620ರಲ್ಲಿ ಅಂಕಿಗಳನ್ನು ಕೂಡುವುದಕ್ಕೆಂದೇ ಪ್ರತ್ಯೇಕವಾದ ವಿದ್ಯುನ್ಮಂಡಲವಿರಲಿಲ್ಲ. ಅದರ ಸ್ಮೃತಿಕೋಶದ 100ನೆಯ ಮನೆಯಿಂದ 299ರ ವರೆಗೆ ಗುಣಾಕಾರದ ಮಗ್ಗಿಯನ್ನೂ 300ರಿಂದ 399ರ ವರೆಗೆ ಸಂಕಲನದ ಕೋಷ್ಟಕವನ್ನೂ ತುಂಬಿಡಬೇಕಾಗಿತ್ತು. ಎರಡು ಅಂಕಿಗಳನ್ನು ಕೊಟ್ಟಾಗ ಅದು ಅಲ್ಲಿಗೆ ಹೋಗಿ ನೋಡಿ ಉತ್ತರ ತರುತ್ತಿತ್ತು. ಕ್ಯಾಡೆಟ್ ಎಂಬ ಅದರ ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ ಅಕ್ಷರಕ್ಷರವಾಗಿ ಬಿಡಿಸಿ, ‘ಕೂಡಲು ಬಾರದು, ಕೂಡುವ ಯತ್ನವನ್ನೂ ಮಾಡದು’ ಎಂಬರ್ಥ ಬರುವಂತೆ ಆ ಕಾಲದ ತಂತ್ರಜ್ಞರು ನಗುತ್ತಿದ್ದುದು ಈ ಕಾರಣದಿಂದಲೇ. ಹೊಸಬನೊಬ್ಬ ಯಂತ್ರದ ಸ್ವಂತ ಭಾಷೆಯಲ್ಲಿ ಬರೆಯುವಾಗ ಎಡವಿ ಆ ಮನೆಗಳ ಮೇಲೆ ಬೇರೇನನ್ನೋ ಬರೆದುಬಿಟ್ಟರೆ, ಅಲ್ಲಿಂದ ಮುಂದೆ ಯಂತ್ರವು ಕಿಂಚಿತ್ತೂ ಸಂಕೋಚವಿಲ್ಲದೆ ತಪ್ಪು ಲೆಕ್ಕವನ್ನೇ ಒಪ್ಪಿಸುತ್ತಿತ್ತು. ಐಗಳ ಬೆತ್ತವೂ ಅದಕ್ಕೆ ತಾಗುವಂತಿರಲಿಲ್ಲ.

ಆದಕಾರಣ ಆರಂಭಿಕರಿಗೆ ಕಲಿಸುತ್ತಿದ್ದುದು ಫೋರ್ಟ್ರಾನ್ ಎಂಬ, ಬೀಜಗಣಿತವನ್ನು ಹೋಲುವ ಭಾಷೆಯನ್ನು. ಹೋಲಿಕೆಯೇ ಹೊಸಬರಿಗೆ ಮೊದಲ ಮುಳ್ಳಾಯಿತು. ‘ಎನ್ = ಎನ್ + 1’ ಎಂಬ ಸಾಲನ್ನು ಹಲಗೆಯ ಮೇಲೆ ಕಂಡಾಗ, ಪ್ರೌಢಶಾಲೆಯಿಂದ ಗಣಿತವನ್ನು ಶ್ರದ್ಧೆಯಿಂದ ಕಲಿತು ಬಂದವನೇ ಮೊದಲು ತಬ್ಬಿಬ್ಬಾಗುವನು; ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಾಗಿರಲು ಸಾಧ್ಯವೇ? ಅದು ಸಮೀಕರಣವಲ್ಲ, ಆಜ್ಞೆ. ಬಲಗಡೆಯದನ್ನು ಲೆಕ್ಕಹಾಕಿ ಎಡಗಡೆಯ ಹೆಸರಿನ ಡಬ್ಬಿಯಲ್ಲಿಡು ಎಂದು ಅದರರ್ಥ ಎಂಬುದು ತಲೆಗಿಳಿದ ಮೇಲೆಯೇ ಮುಂದಿನ ಪಾಠ. ಎರಡನೆಯ ಮುಳ್ಳು ಇನ್ನೂ ಸೂಕ್ಷ್ಮ. ಅರ್ಧವೆಂಬ ನಂಬಿಕೆಯಿಂದ 1/2 ಎಂದು ಬರೆದರೆ, ಎರಡೂ ಪೂರ್ಣಾಂಕಗಳಾದುದರಿಂದ, ಭಿನ್ನಾಂಶವನ್ನು ಕತ್ತರಿಸಿ ಎಸೆದು ಯಂತ್ರವು ಶೂನ್ಯವೆಂದು ಉತ್ತರಿಸುವುದು. ಅಂಕಿಯ ಮುಂದೆ ಒಂದು ಚುಕ್ಕಿಯಿಟ್ಟರೆ ಬದುಕಿಕೊಳ್ಳಬಹುದಾಗಿದ್ದ ಲೆಕ್ಕ ಹೀಗೆ ಹಾಳಾದುದನ್ನು ಕಂಡವರು ಆ ಚುಕ್ಕಿಯನ್ನು ಮತ್ತೆ ಮರೆಯುತ್ತಿರಲಿಲ್ಲ.

ಬರೆದದ್ದನ್ನು ಕಾರ್ಡುಗಳಲ್ಲಿ ರಂಧ್ರ ಕೊರೆದು ಇಳಿಸಬೇಕಾಗಿತ್ತು. ಒಂದೊಂದು ಕಾರ್ಡಿನಲ್ಲಿ 80 ಕಂಬಸಾಲುಗಳು. ಮೊದಲ ಐದು ವಾಕ್ಯದ ಸಂಖ್ಯೆಗೆ, ಆರನೆಯದು ಹಿಂದಿನ ಕಾರ್ಡಿನ ವಾಕ್ಯ ಮುಂದುವರಿದಿದೆ ಎಂಬ ಗುರುತಿಗೆ, ಏಳರಿಂದ 72ರ ವರೆಗೆ ಆಜ್ಞೆಗೆ ಮೀಸಲು. ಉಳಿದ ಎಂಟು ಸಾಲುಗಳಲ್ಲಿ ಕಾರ್ಡಿನ ಅನುಕ್ರಮಸಂಖ್ಯೆಯನ್ನು ಕೊರೆದಿಡಬಹುದಾಗಿತ್ತು. ಆಲಸ್ಯದಿಂದ ಹಾಗೆಯೇ ಬಿಟ್ಟವನ ಕಟ್ಟು ಕೈಜಾರಿ ಮೆಟ್ಟಿಲ ಮೇಲೆ ಚೆಲ್ಲಿತೆಂದರೆ ಮುಗಿಯಿತು. ಜಾಣರು ಕಟ್ಟಿನ ಅಂಚಿನ ಮೇಲೆ ಪೆನ್ಸಿಲಿನಿಂದ ಓರೆಯಾಗಿ ಒಂದು ಗೆರೆ ಎಳೆದಿಡುತ್ತಿದ್ದರು. ಗೆರೆ ಮತ್ತೆ ನೇರವಾಗಿ ಕೂಡುವಂತೆ ಜೋಡಿಸಿದರೆ ಕಟ್ಟು ಮೊದಲಿನಂತಾಗುವುದು. ಆ ಕಾಲದ ಗಣಕಕೇಂದ್ರಗಳಲ್ಲಿ ಕಟ್ಟನ್ನು ಒಪ್ಪಿಸಿ ಬಂದವರಿಗೆ ಉತ್ತರದ ಕಾಗದ ಸಿಕ್ಕುತ್ತಿದ್ದುದು ಕೆಲವು ಗಂಟೆಗಳ ಅನಂತರವೋ ಮರುದಿನವೋ. ಸಿಕ್ಕಿದ ಮೇಲೂ ಅದರಲ್ಲಿ ಅಲ್ಪವಿರಾಮವೊಂದು ತಪ್ಪಿದೆ ಎಂಬ ದೂರಿನ ಹೊರತು ಬೇರೇನೂ ಇಲ್ಲದಿರುವುದೇ ಹೆಚ್ಚು.

ಈ ಕಾಯುವಿಕೆಯನ್ನು ತಪಸ್ಸೆಂದು ಕೊಂಡಾಡುವ ಹಿರಿಯರನ್ನು ನಾನು ಬಲ್ಲೆ. ಯಂತ್ರಕ್ಕೆ ಕೊಡುವ ಮೊದಲು ಕಾಗದದ ಮೇಲೆ ಪ್ರತಿಯೊಂದು ಡಬ್ಬಿಯ ಬೆಲೆಯನ್ನೂ ಬರೆದು ಅಳಿಸಿ, ತಾವೇ ಯಂತ್ರವಾಗಿ ಲೆಕ್ಕ ನಡೆಸಿ ನೋಡುವ ಅಭ್ಯಾಸ ಅದರಿಂದ ಬಂದಿತೆಂಬುದು ನಿಜ. ಆದರೆ ಕಾದು ಬೇಸತ್ತು ಈ ವಿದ್ಯೆಯನ್ನೇ ಕೈಬಿಟ್ಟವರು ತಮ್ಮ ನೆನಪುಗಳನ್ನು ಬರೆದಿಡಲಿಲ್ಲ ಎಂಬುದನ್ನು ಈ ಹೊಗಳಿಕೆಯಲ್ಲಿ ಮರೆಯಬಾರದು. ಇದನ್ನು ಮನಗಂಡವರು ಅಮೆರಿಕದ ಡಾರ್ಟ್ಮತ್ ಕಾಲೇಜಿನ ಗಣಿತದ ಅಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್. ಅಲ್ಲಿ 1964ರ ಮೇ 1ರ ಬೆಳಗಿನ ಜಾವ ನಾಲ್ಕು ಗಂಟೆಗೆ ಬೇಸಿಕ್ ಎಂಬ ಸರಳ ಭಾಷೆ ಮೊದಲು ನಡೆಯಿತು. ಸಾಹಿತ್ಯ, ಇತಿಹಾಸ ಓದುವವರೂ ಟೆಲಿಟೈಪಿನ ಮುಂದೆ ಕುಳಿತು, ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು, ಕ್ಷಣಗಳಲ್ಲಿ ಉತ್ತರ ಪಡೆಯಬೇಕೆಂಬುದು ಅವರ ಉದ್ದೇಶ.

ಕಾನ್ಪುರದ ಹಿರಿಮೆ ಬೇರೆಡೆಯಲ್ಲಿದೆ. ಅಲ್ಲಿ ನಡೆದ ಹತ್ತು ದಿನಗಳ ತೀವ್ರ ಶಿಬಿರಗಳಿಗೆ ದೇಶದ ನಾನಾ ಕಡೆಯ ಅಧ್ಯಾಪಕರೂ ವಿಜ್ಞಾನಿಗಳೂ ಬಂದು ಕಲಿತು ಹೋದರು. ಪಾಠದ ಟಿಪ್ಪಣಿಗಳು ಬೆಳೆದು, ರಾಜಾರಾಮನ್ ಅವರ ‘ಪ್ರಿನ್ಸಿಪಲ್ಸ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎಂಬ ಪುಸ್ತಕವಾಗಿ 1969ರಲ್ಲಿ ಹೊರಬಂದು, ಯಂತ್ರವನ್ನು ಕಣ್ಣಿನಿಂದಲೂ ನೋಡದ ಎಷ್ಟೋ ಊರುಗಳನ್ನು ಮುಟ್ಟಿದುವು. ಅವರು 1982ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೇ ಮರಳಿದರು; 1984ರಲ್ಲಿ ಸರ್ಕಾರದ ಕ್ಲಾಸ್ ಯೋಜನೆಯಿಂದ ಬಿಬಿಸಿ ಮೈಕ್ರೋ ಗಣಕಗಳು ಶಾಲೆಗಳಿಗೆ ಬಂದು, ಮಕ್ಕಳ ಬೆರಳಿಗೆ ಬೇಸಿಕ್ ಎಟುಕಿತು. ಕಾರ್ಡುಗಳ ಕಾಲ ಅಷ್ಟರಲ್ಲಿ ಮುಗಿಯುತ್ತಲಿತ್ತು.

ಮುಗಿದ ಮೇಲೂ ಆ ಕಾರ್ಡುಗಳನ್ನು ಯಾರೂ ಎಸೆಯಲಿಲ್ಲ. ಒಳ್ಳೆಯ ಗಟ್ಟಿ ಕಾಗದ, ಅಂಗಿಯ ಜೇಬಿಗೆ ಹಿಡಿಸುವ ಅಗಲ. ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ ಒಂದು ಗಣಿತಗ್ರಂಥದ ನಡುವೆ ನನಗೂ ಒಂದು ಸಿಕ್ಕಿತು. ಮುಂದುಗಡೆ ರಂಧ್ರಗಳ ಒಂದು ಸಾಲು. ಹಿಂದುಗಡೆ ಇಳಿಜಾರು ಅಕ್ಷರಗಳಲ್ಲಿ ತೊಗರಿಬೇಳೆ ಎರಡು ಸೇರು, ಬೆಲ್ಲ, ಸೀಮೆಎಣ್ಣೆ ಎಂದಿತ್ತು. ಕೊನೆಯ ಎಂಟು ಕಂಬಸಾಲುಗಳು ಖಾಲಿ.