ನಮ್ಮ ಮಕ್ಕಳ ಪರೀಕ್ಷೆಗೂ ಚೆನ್ನೈಗೂ ಹಳೇ ನಂಟು

ಚೆನ್ನೈಗೆ ಕೆಲಸಕ್ಕೆ ಬಂದ ಕನ್ನಡಿಗರು ನನ್ನನ್ನ ಕೇಳ್ತಾನೇ ಇರ್ತಾರೆ: ಮಗೂನ ಇಲ್ಲಿ ಸಿಬಿಎಸ್‌ಇಗೆ ಸೇರಿಸಿದ್ರೆ ಕನ್ನಡ ಉಳಿಯುತ್ತಾ ಸರ್?

ಮೊದಲು ಸ್ವಲ್ಪ ಇತಿಹಾಸ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟೋವರೆಗೂ ಮಹಾರಾಜ ಕಾಲೇಜು, ಸೆಂಟ್ರಲ್ ಕಾಲೇಜಿನ ಹುಡುಗರು ಬರೀತಿದ್ದದ್ದು ಮದ್ರಾಸ್ ವಿಶ್ವವಿದ್ಯಾನಿಲಯದ ಪರೀಕ್ಷೆ. ಅದಾಗಿ ಎಷ್ಟೋ ದಶಕದ ಮೇಲೆ, ಬೆಂಗಳೂರಿಗೆ ಪ್ರಾದೇಶಿಕ ಕಚೇರಿ ಬರೋ ತನಕ, ಕರ್ನಾಟಕದ ಸಿಬಿಎಸ್‌ಇ ಶಾಲೆಗಳೂ ಚೆನ್ನೈ ವಲಯದಲ್ಲೇ ಇದ್ದವು!

ಸಿಬಿಎಸ್‌ಇಯ ಬೇರು ಮಾತ್ರ ಉತ್ತರದ್ದು. 1929ರ ರಜಪೂತಾನಾ ಬೋರ್ಡಿಗೆ 1952ರಲ್ಲಿ ಈಗಿನ ಹೆಸರು ಬಂತು. 1962ರಲ್ಲಿ ಅದನ್ನ ಪುನರ್‌ರಚಿಸಿದಾಗ ಮನಸ್ಸಲ್ಲಿದ್ದವರು ಊರಿಂದೂರಿಗೆ ವರ್ಗವಾಗೋ ಕೇಂದ್ರ ಸರ್ಕಾರಿ ನೌಕರರ ಮಕ್ಕಳು. ನಾವು ಐಟಿಯವರು ಆಮೇಲೆ ಹತ್ತಿಕೊಂಡವರು.

ಬೋರ್ಡು ಪಾಠ ಮಾಡಲ್ಲ. ಮಾನ್ಯತೆ, ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಸರ್ಟಿಫಿಕೇಟ್ ಅದರದ್ದು. ಮೇಷ್ಟ್ರನ್ನ ಇಡೋದು ಶಾಲೆ. ತೊಡಕು ಇರೋದೇ ಇಲ್ಲಿ. ಹತ್ತನೇ ಕ್ಲಾಸಿನ ವಿಷಯಪಟ್ಟಿಯಲ್ಲಿ ಕನ್ನಡ ಇದೆ, ಕೋಡ್ 015. ಬೋರ್ಡ್ ಪರೀಕ್ಷೆಗೆ 80 ಅಂಕ, ಶಾಲೆಯ ಮೌಲ್ಯಮಾಪನಕ್ಕೆ 20. ಆದ್ರೆ ಶಾಲೇಲಿ ಕನ್ನಡ ಕಲಿಸೋರೇ ಇಲ್ದಿದ್ರೆ ಕೋಡ್ ತಗೊಂಡು ಏನ್ ಮಾಡೋದು?

ಜೊತೆಗೆ ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ. 2015-16ರಿಂದ ಸಿಬಿಎಸ್‌ಇ ಶಾಲೆಗಳಿಗೂ ಒಂದನೇ ಕ್ಲಾಸಿಂದ ಹಂತಹಂತವಾಗಿ ತಮಿಳು ಬಂತು. ಇರೋ ಊರಿನ ಭಾಷೆ, ಕಲೀಲಿ ಬಿಡಿ, ನನಗೇನೂ ತಕರಾರಿಲ್ಲ. ಆದ್ರೆ ಟೈಮ್‌ಟೇಬಲ್‌ನಲ್ಲಿ ಮೊದಲು ಜಾಗ ಬಿಡೋದು ಕನ್ನಡವೇ.

ಒಂಬತ್ತನೇ ಕ್ಲಾಸಲ್ಲೇ ಶಾಲೆಯವರು ಮಗುವಿನ ಹೆಸರನ್ನ ಬೋರ್ಡಿಗೆ ನೋಂದಾಯಿಸ್ತಾರೆ. ಅಲ್ಲೀವರೆಗೆ ಕಾಯಬೇಡಿ. ಅಡ್ಮಿಷನ್ ದಿನವೇ ಕೇಳಿ: ಕನ್ನಡಕ್ಕೆ ಟೀಚರ್ ಇದ್ದಾರಾ, ಹತ್ತನೇ ಕ್ಲಾಸ್‌ವರೆಗೂ ಇರ್ತಾರಾ?