ಚಿನ್ನದೂರಿನ ಮೈದಾನಗಳು

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಬೆಮೆಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್ ಒಂದರ ಹಿಂದೊಂದು ಬರುತ್ತವೆ. ಕಿಟಕಿಯಾಚೆ ಚಿನ್ನ ತೆಗೆದುಳಿದ ಮಣ್ಣಿನ ಬೂದುಬಣ್ಣದ ಸೈನೈಡ್ ಗುಡ್ಡಗಳು. ಸಂಜೆಯಾದರೆ ಆ ಗುಡ್ಡದ ಬುಡದಲ್ಲಿ ಹುಡುಗರು ಬರಿಗಾಲಲ್ಲಿ ಚೆಂಡು ಒದೆಯುತ್ತಿರುತ್ತಾರೆ. ಎರಡು ಕಲ್ಲಿಟ್ಟರೆ ಗೋಲು. ಗಾಳಿ ಬೀಸಿದಾಗ ಏಳುವ ಸಣ್ಣ ಬಿಳಿ ದೂಳಿಗೆ ಕಣ್ಣು ಮುಚ್ಚಿ ನಿಂತು, ದೂಳು ಇಳಿದ ಮೇಲೆ ಮತ್ತೆ ಓಡುತ್ತಾರೆ. ನಾನೂ ಹಾಗೆಯೇ ಆಡಿ ಬೆಳೆದವನು.

ನಮಗೆ ಆಶ್ರಯ ಕೊಟ್ಟ ಈ ಕೆ.ಜಿ.ಎಫ್., ಅಂದರೆ ಕೋಲಾರ ಚಿನ್ನದ ಗಣಿಯ ಊರಿನ, ಚರಿತ್ರೆ ಎಂದರೆ ಎಲ್ಲರೂ ಚಿನ್ನದ ಲೆಕ್ಕವನ್ನೇ ಹೇಳುತ್ತಾರೆ. ಆಟದ ಲೆಕ್ಕವೂ ಒಂದಿದೆ. ಅದನ್ನು ಹೇಳಲು ಐರ್ಲೆಂಡಿನಿಂದ ಶುರುಮಾಡಬೇಕು.

ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್ ಐರಿಷ್ ಸೈನಿಕ. ನ್ಯೂಜಿಲೆಂಡಿನ ಮಾವೋರಿ ಯುದ್ಧದಲ್ಲಿ ಹೋರಾಡಿ, ನಿವೃತ್ತನಾಗಿ ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದವನು. ಈ ಸೀಮೆಯ ಚಿನ್ನದ ಬಗ್ಗೆ ವಾರೆನ್ ಎಂಬ ಸೇನಾಧಿಕಾರಿ ಬಹಳ ಹಿಂದೆ ಬರೆದಿದ್ದನ್ನು ಓದಿ, 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಹೊರಟ. 1875ರಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದು ಊರಿಗಾಂ ಬಳಿ ಶಾಫ್ಟ್ ತೋಡಿಸಿದ. ಕೈಯಲ್ಲಿದ್ದ ಹಣ ಸಾಲಲಿಲ್ಲ. ಹಕ್ಕು ಬೇರೆಯವರ ಪಾಲಾಯಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಗಣಿ ಕುದುರಿತು. ಬೆಂಗಳೂರಿನ ಲವೆಲ್ ರಸ್ತೆ ಇವನ ಹೆಸರಿನದೇ.

ಇಲ್ಲಿ ಗಣಿ ಬೆಳೆಯುತ್ತಿದ್ದಾಗ ಲವೆಲ್‌ನ ತಾಯ್ನಾಡಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. 1884ರ ನವೆಂಬರ್ 1ರಂದು ಟಿಪ್ಪರರಿ ಸೀಮೆಯ ಥರ್ಲೆಸ್ ಪಟ್ಟಣದ ಹೋಟೆಲೊಂದರಲ್ಲಿ ಮೈಕೆಲ್ ಕ್ಯೂಸಾಕ್ ಎಂಬ ಉಪಾಧ್ಯಾಯನೂ ಅವನ ಗೆಳೆಯರೂ ಕೂಡಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿದರು. ಆಳುವವರ ಆಟಗಳ ಮುಂದೆ ತಮ್ಮ ನೆಲದ ಆಟಗಳು ಸೊರಗುತ್ತಿವೆ ಎಂಬುದು ಅವರ ಸಂಕಟ. ಬಾಗಿದ ತುದಿಯ ಕೋಲಿನಿಂದ ಚಿಕ್ಕ ಚೆಂಡನ್ನು ಹೊಡೆಯುವ ಹರ್ಲಿಂಗ್, ಚೆಂಡನ್ನು ಕೈಯಲ್ಲಿ ಹಿಡಿಯಲೂ ಕಾಲಲ್ಲಿ ಒದೆಯಲೂ ಬಿಡುವ ಗೇಲಿಕ್ ಫುಟ್‌ಬಾಲ್, ಎರಡಕ್ಕೂ ಊರೂರಲ್ಲಿ ಕ್ಲಬ್ಬುಗಳು ಹುಟ್ಟಿದವು. ನಿನ್ನ ಊರು ಯಾವುದೋ ನಿನ್ನ ಕ್ಲಬ್ಬೂ ಅದೇ. ಆಡುವವರಿಗೆ ಸಂಬಳವಿಲ್ಲ; ಊರಿನ ಹೆಸರೇ ಸಂಭಾವನೆ.

ಅದರ ಮರುವರ್ಷ, 1885ರಲ್ಲಿ, ನಮ್ಮಲ್ಲಿ ಕೆ.ಜಿ.ಎಫ್. ಕ್ಲಬ್ ಹುಟ್ಟಿತು. ಇದರ ದಾರಿ ತೀರಾ ಬೇರೆ. ಗಣಿಯ ಬಂಗಲೆಗಳ ಬ್ರಿಟಿಷ್ ದೊರೆಗಳು ಇಂಗ್ಲೆಂಡಿನಂಥದೇ ಊರೊಂದನ್ನು ಕಟ್ಟಿಕೊಂಡಿದ್ದರು. ಜನ ಆ ಊರನ್ನು ಲಿಟಲ್ ಇಂಗ್ಲೆಂಡ್ ಎಂದೇ ಕರೆದರು. ಗಾಲ್ಫ್ ಕೋಲು ಹಿಡಿದವರು ಅವರು. ಉತ್ತರ ಆರ್ಕಾಟು, ಚಿತ್ತೂರುಗಳಿಂದ ಬಂದು ಗಣಿಗಿಳಿದ ತಮಿಳರಿಗೆ, ತೆಲುಗರಿಗೆ ಆ ಕ್ಲಬ್ಬಿನ ಬಾಗಿಲು ತೆರೆದಿರಲಿಲ್ಲ. ಅವರಿಗಿದ್ದದ್ದು ತಟ್ಟಿ ಗೋಡೆಯ ಲೈನ್ ಮನೆಗಳು, ಆ ಸಾಲುಗಳ ನಡುವಿನ ಬಯಲು.

ಆ ಬಯಲಿನ ಬೆಲೆ ಗೊತ್ತಾಗಬೇಕಾದರೆ ಗಣಿಯ ಆಳ ನೆನೆಯಬೇಕು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಕೆಳಗಿಳಿದಿತ್ತು. ಅಲ್ಲಿ ಬಂಡೆಯೇ ಸುಡುತ್ತಿತ್ತು. ಬಂಡೆ ಸಿಡಿದು ಸತ್ತವರೆಷ್ಟೋ ಮಂದಿ. ಪಾಳಿ ಮುಗಿಸಿ ಕೇಜಿನಲ್ಲಿ ಮೇಲೆ ಬಂದವನಿಗೆ ಆಕಾಶ ಕಾಣುವುದೇ ಹಬ್ಬ. ಚೆಂಡಿನ ಹಿಂದೆ ಎದೆ ತುಂಬ ಉಸಿರೆಳೆದು ಓಡುವುದು ಅವನಿಗೆ ಬರೀ ಕಾಲಕ್ಷೇಪವಲ್ಲ, ಇವತ್ತೂ ಬದುಕಿ ಬಂದೆನೆಂಬ ಗುರುತು. ಫುಟ್‌ಬಾಲು, ಹಾಕಿ ಇಲ್ಲಿನ ಜನರ ರಕ್ತಕ್ಕಿಳಿದದ್ದು ಹೀಗೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿ, 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಕೆನೆತ್ ಪೊವೆಲ್ ಹುಟ್ಟಿದ್ದು ಈ ಕೋಲಾರದ ಸೀಮೆಯಲ್ಲೇ.

ನಮ್ಮ ಕನ್ನಡದ ಮನೆಗಳಲ್ಲಿ ಹಲವು 1964ರಲ್ಲಿ ಬೆಮೆಲ್ ಕಾರ್ಖಾನೆ ಹುಟ್ಟಿದ ಮೇಲೆ ಇಲ್ಲಿಗೆ ಬಂದವು. ನಾವು ಮಕ್ಕಳು ಊರಿನಿಂದ ತಂದದ್ದು ಚಿನ್ನಿದಾಂಡು. ಕ್ವಾರ್ಟರ್ಸಿನ ಹಿಂದೆ ಕುಳಿ ತೋಡಿ ಚಿನ್ನಿ ಚಿಮ್ಮಿಸುತ್ತಿದ್ದರೆ ಲೈನಿನ ಹುಡುಗರು ಬಂದು ನಿಲ್ಲುತ್ತಿದ್ದರು. ಅವರ ಬಾಯಲ್ಲಿ ಅದು ಕಿಟ್ಟಿಪುಳ್. ಹೆಸರು ಬೇರೆ, ಆಟ ಒಂದೇ. ಅವರು ನಮಗೆ ಫುಟ್‌ಬಾಲು ಕಲಿಸಿದರು. ನನಗೆ ತಮಿಳು ಬಂದದ್ದು ಶಾಲೆಯಲ್ಲಲ್ಲ, ‘ಇಂಗೆ ಪೋಡು’ ಎಂದು ಚೆಂಡು ಕೇಳುವ ಕೂಗಿನಲ್ಲಿ. ಅವರಿಗೆ ಕನ್ನಡ ಬಂದದ್ದೂ ಅಲ್ಲೇ.

1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು. 2001ರ ಫೆಬ್ರವರಿ 28ರಂದು ಮುಚ್ಚಿತು. ಅಂದಿನಿಂದ ನಸುಕಿನ ರೈಲುಗಳು ಈ ಊರಿನ ದುಡಿಯುವ ಕೈಗಳನ್ನು ಬೆಂಗಳೂರಿಗೆ ಹೊತ್ತೊಯ್ದು, ಕತ್ತಲಾದ ಮೇಲೆ ಮರಳಿ ತರುತ್ತಿವೆ. ಹಗಲೆಲ್ಲ ಹೊರಗಿರುವವರಿಗೆ ಮೈದಾನ ಭಾನುವಾರಕ್ಕೆ ಮಾತ್ರ ಉಳಿದಿದೆ.

ಐರಿಷರ ಹರ್ಲಿಂಗ್ 2018ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿ ಸೇರಿತು. ಅದನ್ನು ಉಳಿಸಿದ್ದು ಊರೂರಿನ ಜನ, ತಮ್ಮ ತಂಡದ ಚರಿತ್ರೆಯನ್ನು ತಾವೇ ಬರೆದಿಟ್ಟುಕೊಂಡು. ಆ ಕೆಲಸವನ್ನು ನಾವೂ ಕೈಗೆತ್ತಿಕೊಳ್ಳೋಣ. ಲೈನುಗಳಲ್ಲಿ ಇನ್ನೂ ಇರುವ ಹಳೆಯ ಆಟಗಾರರ ಮನೆಗೆ ಹೋಗೋಣ. ಅವರ ಮಾತು ತಮಿಳಿರಲಿ, ತೆಲುಗಿರಲಿ, ಕೇಳಿ ಕನ್ನಡದಲ್ಲಿ ಬರೆದಿಡೋಣ. ಚೆಂಡು ಕೇಳುತ್ತಾ ಕಲಿತ ಆ ಭಾಷೆ ನಮಗೆ ಇನ್ನೂ ಮರೆತಿಲ್ಲ.