ಪೊರೆಯೊಳಗಿನ ನೀರು: ಪ್ರೋಟಾನ್ ವಾಹಕ ಪೊರೆಗಳ ಚರಿತ್ರೆ ಮತ್ತು ಯಾದಗಿರಿ ಸೀಮೆ

ಪೀಠಿಕೆ

ಜಲಜನಕ ಇಂಧನ ಕೋಶದ ಚರಿತ್ರೆಯನ್ನು ಹೆಚ್ಚಾಗಿ ಕಂಪನಿಗಳ ಹೆಸರು ಹಿಡಿದು ಬರೆಯುತ್ತಾರೆ: ಜನರಲ್ ಎಲೆಕ್ಟ್ರಿಕ್, ಡುಪಾಂಟ್, ಬಲ್ಲಾರ್ಡ್, ಟೊಯೋಟಾ. ಕೋಶದ ನಡುವೆ ಪ್ರೋಟಾನ್‌ಗಳನ್ನು ದಾಟಿಸುವ ಪೊರೆ ನೀರನ್ನು ಹೇಗೆ ಉಳಿಸಿಕೊಂಡಿತು ಎಂದು ಕೇಳಿದರೆ ಅದೇ ಚರಿತ್ರೆ ಬೇರೆ ಕ್ರಮದಲ್ಲಿ ತೆರೆದುಕೊಳ್ಳುತ್ತದೆ. ಧಾರವಾಡ, ಬೆಂಗಳೂರುಗಳ ಕೆಲಸಕ್ಕೂ ಅದರಲ್ಲಿ ಜಾಗ ಸಿಗುತ್ತದೆ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ಯಾದಗಿರಿ, ಶಹಾಪುರ, ಸುರಪುರ ಸೀಮೆಯನ್ನು ಮುಂದಿಟ್ಟುಕೊಂಡು ಆ ಚರಿತ್ರೆಯನ್ನು ಓದುವುದು ಈ ಲೇಖನದ ಉದ್ದೇಶ.

ಆಮ್ಲದಿಂದ ಪೊರೆಗೆ

ನೀರಿನಲ್ಲಿ ವಿದ್ಯುದಾವೇಶ ಅಣುವಿನಿಂದ ಅಣುವಿಗೆ ದಾಟಿಕೊಂಡು ಹೋಗುತ್ತದೆ ಎಂಬ ಕಲ್ಪನೆಯನ್ನು ಥಿಯೋಡೋರ್ ಗ್ರೋಟಸ್ 1806ರಲ್ಲೇ ಮುಂದಿಟ್ಟಿದ್ದ. ವಿಲಿಯಂ ಗ್ರೋವ್ 1839ರ ಸುಮಾರಿಗೆ ಜಲಜನಕ, ಆಮ್ಲಜನಕಗಳಿಂದ ವಿದ್ಯುತ್ ಪಡೆದದ್ದು ಸಾರ ಇಳಿಸಿದ ಗಂಧಕಾಮ್ಲದ ಮೂಲಕ. ದ್ರವದ ಜಾಗಕ್ಕೆ ಘನ ಪೊರೆ ಬಂದದ್ದು 1955ರಲ್ಲಿ. ಜನರಲ್ ಎಲೆಕ್ಟ್ರಿಕ್‌ನ ವಿಲಾರ್ಡ್ ಥಾಮಸ್ ಗ್ರಬ್ ಸಲ್ಫೋನೀಕರಿಸಿದ ಪಾಲಿಸ್ಟೈರೀನ್ ಪೊರೆಯನ್ನು ಬಳಸಿದ. ಅದರ ಮೇಲೆ ಪ್ಲಾಟಿನಂ ಕೂರಿಸುವ ಬಗೆಯನ್ನು ಲಿಯೊನಾರ್ಡ್ ನೀಡ್ರಾಕ್ ರೂಪಿಸಿದ.

1965ರ ಆಗಸ್ಟ್‌ನಲ್ಲಿ ಜೆಮಿನಿ 5 ನೌಕೆ ಈ ಕೋಶಗಳನ್ನು ಹೊತ್ತು ಹಾರಿತು. ಆದರೆ ಕೋಶ ಕೆಲಸ ಮಾಡುತ್ತಿದ್ದಂತೆ ಹುಟ್ಟುವ ರಾಡಿಕಲ್‌ಗಳು ಪಾಲಿಸ್ಟೈರೀನ್‌ನ ಕಾರ್ಬನ್–ಹೈಡ್ರೋಜನ್ ಬಂಧಗಳನ್ನು ಮುರಿದವು. ಪೊರೆಯ ಚೂರುಗಳು ಬೆರೆತದ್ದರಿಂದ ಕೋಶದಲ್ಲಿ ಹುಟ್ಟಿದ ನೀರು ಗಗನಯಾತ್ರಿಗಳಿಗೆ ಕುಡಿಯಲು ಒದಗಲಿಲ್ಲ.

1960ರ ದಶಕದ ಕೊನೆಯಲ್ಲಿ ಡುಪಾಂಟ್‌ನ ವಾಲ್ಟರ್ ಗ್ರೋಟ್ ರೂಪಿಸಿದ ನ್ಯಾಫಿಯಾನ್ ಇದಕ್ಕೆ ಪರಿಹಾರವಾಯಿತು. ಟೆಫ್ಲಾನ್‌ನಂಥ ಬೆನ್ನೆಲುಬಿನಲ್ಲಿ ಹೈಡ್ರೋಜನ್ ಬದಲು ಫ್ಲೋರಿನ್. ಅದರಿಂದ ಇಳಿಬಿದ್ದ ಸರಪಳಿಗಳ ತುದಿಯಲ್ಲಿ ಸಲ್ಫೋನಿಕ್ ಆಮ್ಲದ ಗುಂಪು. ಬೆನ್ನೆಲುಬು ನೀರನ್ನು ದೂರ ತಳ್ಳುತ್ತದೆ, ಆಮ್ಲದ ಗುಂಪು ಹತ್ತಿರ ಕರೆಯುತ್ತದೆ. ಹೀಗೆ ನೆನೆದ ಪೊರೆಯೊಳಗೆ ಸುಮಾರು 4 ನ್ಯಾನೋಮೀಟರಿನ ನೀರಿನ ಗೂಡುಗಳು, ಅವುಗಳನ್ನು ಕೂಡಿಸುವ 1 ನ್ಯಾನೋಮೀಟರಿನ ಕಾಲುವೆಗಳು ಇರುತ್ತವೆ ಎಂದು ಗಿಯರ್ಕೆ ಮತ್ತು ಸಂಗಡಿಗರು 1981ರಲ್ಲಿ ಪ್ರತಿಪಾದಿಸಿದರು. 2008ರಲ್ಲಿ ಸ್ಮಿತ್-ರೋರ್ ಮತ್ತು ಚೆನ್ ಇದನ್ನು ತಿದ್ದಿ, ಸುಮಾರು 2.4 ನ್ಯಾನೋಮೀಟರ್ ವ್ಯಾಸದ ಸಮಾಂತರ ಕೊಳವೆಗಳ ಮಾದರಿಯನ್ನು ಮಂಡಿಸಿದರು. ಎರಡೂ ಮಾದರಿಗಳಲ್ಲಿ ಪ್ರೋಟಾನ್‌ಗೆ ನೀರೇ ದಾರಿ. 100 ಡಿಗ್ರಿಯ ಹತ್ತಿರ ಪೊರೆ ಒಣಗಿದಾಗ ಆ ದಾರಿ ಮುಚ್ಚುತ್ತದೆ.

ಕರ್ನಾಟಕದ ಎರಡು ಧಾರೆಗಳು

ಮೊದಲನೆಯದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ತೇಜರಾಜ್ ಅಮಿನಭಾವಿ, ಮಹಾದೇವಪ್ಪ ಕರಿದುರಗಣ್ಣವರ ಮತ್ತು ಅವರ ಶಿಷ್ಯವರ್ಗ ಸೋಡಿಯಂ ಆಲ್ಜಿನೇಟ್, ಕೈಟೊಸಾನ್, ಪಾಲಿವಿನೈಲ್ ಆಲ್ಕೋಹಾಲ್‌ಗಳಂಥ ನೀರೊಲವಿನ ಪಾಲಿಮರ್‌ಗಳಿಂದ ಪೊರೆ ಮಾಡಿ, ಐಸೊಪ್ರೊಪನಾಲ್‌ನಲ್ಲಿ ಬೆರೆತ ನೀರನ್ನು ಬೇರ್ಪಡಿಸಿದರು. ಉದ್ದೇಶ ಇಂಧನ ಕೋಶವಾಗಿರಲಿಲ್ಲ. ಆದರೆ ಪೊರೆ ನೀರನ್ನು ಹೀರಬೇಕು, ಉಬ್ಬಿ ಹರಿಯಬಾರದು, ಆಲ್ಕೋಹಾಲನ್ನು ಆಚೆ ಬಿಡಬಾರದು ಎಂಬ ಷರತ್ತುಗಳು ಮೆಥನಾಲ್ ಇಂಧನ ಕೋಶದ ಪೊರೆಗೂ ಅನ್ವಯಿಸುತ್ತವೆ.

ಎರಡನೆಯದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಶುಕ್ಲಾ ಅವರದು. ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆಯ ಸಾಹು, ಪಿಚ್ಚುಮಣಿ, ಶ್ರೀಧರ್ ಅವರೊಡನೆ ಅವರು 2007ರಲ್ಲಿ ನ್ಯಾಫಿಯಾನ್‌ನೊಳಗೆ ಸಿಲಿಕಾ ಬೆರೆಸಿದ ಪೊರೆಯ ಬಗ್ಗೆ ಪ್ರಕಟಿಸಿದರು. ನೀರನ್ನು ಬಿಗಿಯಾಗಿ ಹಿಡಿಯುವ ಸಿಲಿಕಾ, ಕಡಿಮೆ ಆರ್ದ್ರತೆಯಲ್ಲೂ ಪೊರೆ ಒಣಗದಂತೆ ನೋಡಿಕೊಳ್ಳುತ್ತದೆ. ಇದೇ ತಂಡದ ನ್ಯಾಫಿಯಾನ್ ಸಮೀಕ್ಷೆ 2009ರಲ್ಲಿ ಬೆಂಗಳೂರಿನಿಂದ ಹೊರಡುವ ‘ಬುಲೆಟಿನ್ ಆಫ್ ಮೆಟೀರಿಯಲ್ಸ್ ಸೈನ್ಸ್’ನಲ್ಲಿ ಬಂತು.

ಬಿಸಿಲು ನಾಡಿನ ಲೆಕ್ಕ

40 ಡಿಗ್ರಿ ಬಿಸಿಯ, 20% ಆರ್ದ್ರತೆಯ ಗಾಳಿಯನ್ನು ಕೋಶದ ಸಾಮಾನ್ಯ ತಾಪವಾದ 80 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಸುಮಾರು 3%ಕ್ಕೆ ಇಳಿಯುತ್ತದೆ. 20 ಡಿಗ್ರಿಯ, ತೇವ ತುಂಬಿದ ಗಾಳಿಯೂ ಅದೇ ತಾಪಕ್ಕೆ ಬಂದಾಗ 5%ರಷ್ಟೇ. ಅಂದರೆ ಒಣಗಾಳಿ ಬಿಸಿಲು ನಾಡಿನದೇ ಕೊರತೆಯಲ್ಲ; ಎಲ್ಲೆಡೆಯೂ ಪೊರೆಯನ್ನು ತೇವವಾಗಿಡುವ ಏರ್ಪಾಡು ಬೇಕು. ಯಾದಗಿರಿಯಲ್ಲಿ ಕೂಡಿಕೊಳ್ಳುವ ತೊಡಕು ಶಾಖದ್ದು. ಹೊರಗೆ 20 ಡಿಗ್ರಿ ಇದ್ದರೆ ಕೋಶದ ಶಾಖ ಹೊರಹೋಗಲು 60 ಡಿಗ್ರಿ ಅಂತರವಿರುತ್ತದೆ. 42 ಡಿಗ್ರಿ ಇದ್ದರೆ 38 ಮಾತ್ರ. ರೇಡಿಯೇಟರ್ ದೊಡ್ಡದಾಗಬೇಕು, ಇಲ್ಲವೇ ಕೋಶ ಇನ್ನೂ ಬಿಸಿಯಾಗಿ ನಡೆಯಬೇಕು. ಬಿಸಿ ಏರಿದರೆ ಪೊರೆ ಒಣಗುತ್ತದೆ.

1995ರಲ್ಲಿ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ವೈನ್‌ರೈಟ್, ಸ್ಯಾವಿನೆಲ್, ಲಿಟ್ ಮತ್ತಿತರರು ಪಾಲಿಬೆಂಜಿಮಿಡಜೋಲ್ ಪೊರೆಗೆ ಫಾಸ್ಫರಿಕ್ ಆಮ್ಲ ಉಣಿಸಿ ಈ ಬಿಕ್ಕಟ್ಟಿಗೆ ಬೇರೆ ದಾರಿ ತೋರಿದರು. 150 ಡಿಗ್ರಿ ದಾಟಿ ನಡೆಯುವ ಈ ಪೊರೆಯಲ್ಲಿ ಪ್ರೋಟಾನ್ ಮುಖ್ಯವಾಗಿ ಆಮ್ಲವನ್ನೇ ಹಿಡಿದು ಸಾಗುತ್ತದೆ. ಆದರೆ ದ್ರವರೂಪದ ನೀರು ತಗುಲಿದರೆ ಆಮ್ಲ ತೊಳೆದುಹೋಗುತ್ತದೆ. ಹಾಗಾಗಿ ಕೋಶವನ್ನು ತಣ್ಣಗಿನಿಂದ ಶುರು ಮಾಡುವಾಗ ಎಚ್ಚರ ಬೇಕು.

ಉಪಸಂಹಾರ

ಯಾದಗಿರಿ ಜಿಲ್ಲೆಯ ಗುರುಮಠಕಲ್ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಭೌತಶಾಸ್ತ್ರ ವಿಭಾಗದಿಂದ, ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದ ವಸ್ತುವಿಜ್ಞಾನ ವಿಭಾಗದಿಂದ ಪಾಲಿಅನಿಲಿನ್ ಎಂಬ ಪಾಲಿಮರಿನ ಸಂಯೋಜಿತ ವಸ್ತುಗಳ ಮೇಲೆ ಪ್ರಬಂಧಗಳು ಬಂದಿವೆ. ಪಾಲಿಅನಿಲಿನ್ ಇಂಧನ ಕೋಶದ ಪೊರೆಯಲ್ಲ; ಅದರಲ್ಲಿ ಮುಖ್ಯವಾಗಿ ಹರಿಯುವುದು ಎಲೆಕ್ಟ್ರಾನ್. ಆದರೂ ಆಮ್ಲದ ಪ್ರೋಟಾನ್ ಸೇರಿದಾಗಲೇ ಅದು ವಾಹಕವಾಗುತ್ತದೆ, ಗಾಳಿಯ ತೇವಕ್ಕೆ ತಕ್ಕಂತೆ ಅದರ ರೋಧ ಬದಲಾಗುತ್ತದೆ. ತೇವಕ್ಕೂ ವಾಹಕತೆಗೂ ಇರುವ ನಂಟನ್ನು ಅಳೆಯುವ ಪರಿಣತಿ ಇರುವ ಕಡೆ ಪೊರೆಯ ಅಧ್ಯಯನ ತೀರ ಹೊಸದಾಗಿ ಶುರುವಾಗಬೇಕಿಲ್ಲ.

ನ್ಯಾಫಿಯಾನ್‌ನ ಹೆಸರುವಾಸಿ ಅಂಕಿಗಳು ತೇವ ತುಂಬಿದ ಸ್ಥಿತಿಯಲ್ಲಿ ಅಳೆದವು. ಸಿಲಿಕಾ ಬೆರೆತ ಪೊರೆ, ಆಲ್ಜಿನೇಟ್–ಕೈಟೊಸಾನ್ ಪೊರೆಗಳು ಈ ಚರಿತ್ರೆಯ ಅಡಿಟಿಪ್ಪಣಿಯಾಗಿ ಉಳಿಯಲು ಆ ಅಳತೆಗೋಲೂ ಒಂದು ಕಾರಣ. ಕಡಿಮೆ ಆರ್ದ್ರತೆ, ಹೆಚ್ಚು ಶಾಖಗಳನ್ನೇ ಮೊದಲ ಪರೀಕ್ಷೆಯಾಗಿಟ್ಟರೆ ಅವು ಮುಖ್ಯ ಪಠ್ಯಕ್ಕೆ ಬರಬಹುದು. ಅಂಥ ಪರೀಕ್ಷೆಗೆ ಯಾದಗಿರಿಯ ಮೇ ತಿಂಗಳ ಹವೆಯನ್ನೇ ಒಂದು ಮಾನದಂಡವಾಗಿ ಇಟ್ಟುಕೊಳ್ಳಬಹುದು.